‘ಫೋಟೊ ಡಿಲೀಟ್ ಮಾಡು’ ಅಂದರೆ ಮಾಡಲೇಬೇಕಾ?

ದಾವಣಗೆರೆ, ಚಿತ್ರದುರ್ಗ ಕಡೆಯ ಫೋಟೊಗ್ರಾಫರ್ ಗೆಳೆಯರೇ, ‘ಇಲ್ಲಿ ಫೋಟೊ ತೆಗೆಯಂಗಿಲ್ಲ’ ಅನ್ನೋ ಮಾತಿನ ಬಗ್ಗೆ ಈ ವಾರ ನಿಮ್ಮ ಪ್ರಶ್ನೆ ಕೇಳಿದ್ದೆ. ಬಂದವುಗಳಿಗೆ ಇಲ್ಲೇ ಉತ್ತರಿಸುತ್ತಿದ್ದೇನೆ. ವೃತ್ತಿಯಿಂದ ವಕೀಲ, ಬೆಳೆದದ್ದು ಅಪ್ಪನ ಸ್ಟುಡಿಯೊದ ಡಾರ್ಕ್ ರೂಮಿನಲ್ಲಿ.

ಪ್ರಶ್ನೆ (ದಾವಣಗೆರೆ, ಮದುವೆ-ನಾಮಕರಣದ ಫೋಟೊ ತೆಗೆಯುವವರು): ನಮಸ್ಕಾರ ಸರ್. ಮೊನ್ನೆ ಬೆಳಿಗ್ಗೆ ಮಳೆ ನಿಂತ ಮೇಲೆ ಒಂದು ಸರ್ಕಾರಿ ಕಚೇರಿ ಎದುರಿನ ರಸ್ತೆಯಲ್ಲಿ ನೀರು ನಿಂತಿತ್ತು. ಅದರೊಳಗೆ ಸೊಪ್ಪಿನ ತಳ್ಳುಗಾಡಿ ತಲೆಕೆಳಗಾಗಿ ಕಾಣುತ್ತಿತ್ತು. ಕೂತು ಹತ್ತು ಫ್ರೇಮ್ ತೆಗೆದೆ. ಕಚೇರಿಯಿಂದ ಒಬ್ಬರು ಬಂದು ‘ಯಾರನ್ನ ಕೇಳಿ ತೆಗೀತಿದೀಯ’ ಅಂತ ಕ್ಯಾಮೆರಾ ಕಿತ್ತುಕೊಂಡು, ಕಾರ್ಡ್ ಫಾರ್ಮ್ಯಾಟ್ ಮಾಡಿದ ಮೇಲೇ ವಾಪಸ್ ಕೊಟ್ಟರು. ಹಿಂದಿನ ದಿನದ ನಾಮಕರಣದ ಫೋಟೊಗಳೂ ಅದರಲ್ಲೇ ಇದ್ದವು. ಆ ಮನೆಯವರಿಗೆ ಇನ್ನೂ ಹೇಳಿಲ್ಲ.

ಉತ್ತರ: ಕಾನೂನು ಆಮೇಲೆ, ಮೊದಲು ಫೋಟೊ ಉಳಿಸಿಕೊಳ್ಳಿ. ಆ ಕಾರ್ಡನ್ನು ಈಗಲೇ ಕ್ಯಾಮೆರಾದಿಂದ ಹೊರಗೆ ತೆಗೆಯಿರಿ, ಅದರ ಮೇಲೆ ಒಂದು ಫೋಟೊನೂ ಹೊಸದಾಗಿ ತೆಗೆಯಬೇಡಿ. ಕ್ಯಾಮೆರಾದಲ್ಲಿ ಫಾರ್ಮ್ಯಾಟ್ ಮಾಡಿದಾಗ ಸಾಮಾನ್ಯವಾಗಿ ಅಳಿಯುವುದು ಫೈಲುಗಳ ಪಟ್ಟಿ ಮಾತ್ರ. ಅದೇ ಜಾಗದಲ್ಲಿ ಹೊಸದು ಬಂದು ಕೂರುವ ತನಕ ಚಿತ್ರ ಅಲ್ಲೇ ಇರುತ್ತದೆ. ಫೋಟೊರೆಕ್ ಅನ್ನುವ ಉಚಿತ ತಂತ್ರಾಂಶ ಹಾಕಿ ನೋಡಿ. ಸಿಕ್ಕಿದ್ದನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಿ, ಮತ್ತೆ ಅದೇ ಕಾರ್ಡಿಗೆ ಹಾಕಬೇಡಿ.

ಇನ್ನು ಹಕ್ಕಿನ ಮಾತು. ಸಾರ್ವಜನಿಕ ರಸ್ತೆಯಲ್ಲಿ ನಿಂತು ಕಣ್ಣಿಗೆ ಕಾಣುವುದನ್ನು ಫೋಟೊ ತೆಗೆಯಬಾರದು ಅನ್ನುವ ಸಾರಾಸಗಟು ಕಾನೂನು ನಮ್ಮ ದೇಶದಲ್ಲಿ ಇಲ್ಲ. ಸಂವಿಧಾನದ 19(1)(ಎ) ಕೊಟ್ಟ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ ಮಿತಿ ಹಾಕಬಹುದು, ನಿಜ. ಆದರೆ 19(2)ರ ಪ್ರಕಾರ ಆ ಮಿತಿ ಕಾನೂನಿನ ಮೂಲಕವೇ ಬರಬೇಕು, ಅಲ್ಲಿ ಹೇಳಿರುವ ಕಾರಣಗಳಿಗೇ ಬರಬೇಕು. ಯಾರೋ ಬಾಯಲ್ಲಿ ಹೇಳಿದ್ದು ಕಾನೂನಲ್ಲ. ಗೋಡೆಗೆ ಬಳಿದ ‘ಫೋಟೊ ನಿಷೇಧಿಸಲಾಗಿದೆ’ ಅನ್ನುವ ಬೋರ್ಡಿನ ಹಿಂದೆಯೂ ಒಂದು ಕಾಯ್ದೆಯೋ ನಿಯಮವೋ ಇರಬೇಕು. ‘ಯಾವ ಕಾಯ್ದೆ, ಯಾವ ಕಲಂ ಸರ್?’ ಅಂತ ಮರ್ಯಾದೆಯಿಂದಲೇ ಕೇಳಿ. ಕೇಳುವುದು ಉದ್ಧಟತನ ಅಲ್ಲ.

ಕ್ಯಾಮೆರಾ ಕಿತ್ತುಕೊಳ್ಳುವ ಅಧಿಕಾರ ಕಚೇರಿ ಸಿಬ್ಬಂದಿಗೆ ಇಲ್ಲವೇ ಇಲ್ಲ. ಪೊಲೀಸರಿಗೂ ಅಪರಾಧದ ಅನುಮಾನ ಇದ್ದಾಗ ಮಾತ್ರ ಉಂಟು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 106ರಡಿ ವಶಪಡಿಸಿಕೊಂಡರೆ ಮ್ಯಾಜಿಸ್ಟ್ರೇಟರಿಗೆ ವರದಿ ಹೋಗಬೇಕು, ಜಪ್ತಿಯನ್ನು ವಿಡಿಯೊ ಮಾಡಬೇಕು ಅನ್ನುತ್ತದೆ ಕಲಂ 105. ಹಾಗಾಗಿ ‘ಮಹಜರು ಮಾಡಿ, ನನಗೊಂದು ಪ್ರತಿ ಕೊಡಿ, ತಗೊಂಡು ಹೋಗಿ’ ಅನ್ನಿ. ಅಳಿಸುವ ಅಧಿಕಾರ ಮಾತ್ರ ಯಾವ ಕಲಂನಲ್ಲೂ ಇಲ್ಲ. ಫೋಟೊ ನಿಜಕ್ಕೂ ಅಪರಾಧ ಆಗಿದ್ದರೆ ಅದೇ ಸಾಕ್ಷಿ ಅಲ್ಲವೇ? ಸಾಕ್ಷಿ ಅಳಿಸಿ ಅಂತ ಹೇಳುವುದು ಹೇಗೆ? ಒಪ್ಪಿಗೆ ಇಲ್ಲದೆ ಬೇರೆಯವರ ಮಾಹಿತಿ ಅಳಿಸಿದರೆ ಪರಿಹಾರ ಕೇಳಲು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಕಲಂ 43 ಇದೆ. ಮೆಮೊರಿ ಕಾರ್ಡ್ ಕೂಡ ಅದರೊಳಗೆ ಬರುತ್ತದೆ ಅನ್ನುವುದು ನನ್ನ ವಾದ.

ಮರುಪ್ರಶ್ನೆ (ಅವರೇ): ‘ಸರ್ಕಾರಿ ಗುಟ್ಟು ಕಾಯ್ದೆ ಹಾಕಿಸ್ತೀನಿ’ ಅಂತಲೂ ಹೆದರಿಸಿದರು ಸರ್.

ಉತ್ತರ: ಅಧಿಕೃತ ರಹಸ್ಯ ಕಾಯ್ದೆ 1923ರದ್ದು. ಅದರಲ್ಲಿ ‘ನಿಷೇಧಿತ ಸ್ಥಳ’ ಅಂದರೆ ಏನು ಅಂತ ಕಲಂ 2(8)ರಲ್ಲಿ ಬರೆದಿದೆ: ರಕ್ಷಣಾ ನೆಲೆ, ಶಸ್ತ್ರಾಗಾರ, ಸರ್ಕಾರ ಅಧಿಸೂಚನೆ ಹೊರಡಿಸಿದ ಜಾಗ, ಇಂಥವು. ಪೊಲೀಸ್ ಠಾಣೆಯೊಳಗೆ ವಿಡಿಯೊ ಮಾಡಿದವರ ಮೇಲೆ ಇದೇ ಕಾಯ್ದೆ ಹಾಕಿದ್ದ ಪ್ರಕರಣದಲ್ಲಿ, ಠಾಣೆ ನಿಷೇಧಿತ ಸ್ಥಳ ಅಲ್ಲ ಅಂತ ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2022ರಲ್ಲಿ ಹೇಳಿತು. ನಮ್ಮ ರಾಜ್ಯದ ಕೋರ್ಟುಗಳು ಅದಕ್ಕೆ ಕಟ್ಟುಬಿದ್ದಿಲ್ಲ, ಆದರೂ ಎತ್ತಿ ತೋರಿಸಲು ಬಲವಾದ ತೀರ್ಪು. ಠಾಣೆಯೇ ಅಲ್ಲ ಅಂದಮೇಲೆ ಕಚೇರಿ ಮುಂದಿನ ನೀರು ಹೇಗೆ ಗುಟ್ಟಾಗುತ್ತದೆ?

ಪ್ರಶ್ನೆ (ಚಳ್ಳಕೆರೆ, ಹಕ್ಕಿ ಫೋಟೊ): ನಮ್ಮ ಕಾವಲುಗಳಲ್ಲಿ ಹುಲ್ಲುಗಾವಲ ಹಕ್ಕಿ ಹುಡುಕಿಕೊಂಡು ತಿರುಗುತ್ತೇವೆ. ಕುದಾಪುರದ ಬೇಲಿ ಹತ್ತಿರ ಹೋದರೆ ಓಡಿಸುತ್ತಾರೆ. ಇದೂ ಬಾಯಿಮಾತಾ?

ಉತ್ತರ: ಅಲ್ಲ. ಇಲ್ಲಿ ನಾನು ಅವರ ಪರ. ಅಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯಾದ ಡಿಆರ್‌ಡಿಒದ ವಿಮಾನ ಪರೀಕ್ಷಾ ವಲಯ ಇದೆ, ಬೇರೆ ವೈಜ್ಞಾನಿಕ ಸಂಸ್ಥೆಗಳೂ ಇವೆ. ಅದೇ ಅಧಿಕೃತ ರಹಸ್ಯ ಕಾಯ್ದೆಯಡಿ, ರಕ್ಷಣಾ ಕಾಮಗಾರಿಗೆ ಸಂಬಂಧಿಸಿ ಬೇಹುಗಾರಿಕೆ ಅಂತ ಸಾಬೀತಾದರೆ 14 ವರ್ಷದವರೆಗೂ ಶಿಕ್ಷೆ ಇದೆ. ನಿಮ್ಮ ಮನಸ್ಸಿನಲ್ಲಿ ನೆಲಗುಬ್ಬಿ ಮಾತ್ರ ಇರಬಹುದು, ಆದರೆ 600 ಎಂಎಂ ಲೆನ್ಸ್ ಬೇಲಿ ಕಡೆ ತಿರುಗಿದ್ದು ಗಾರ್ಡಿಗೆ ಬೇರೆ ಥರ ಕಾಣುತ್ತದೆ. ಬೇಲಿಗೆ ಬೆನ್ನು ಹಾಕಿ ತೆಗೆಯಿರಿ, ಡ್ರೋನ್ ಅಂತೂ ಆ ಕಡೆ ಒಯ್ಯಲೇಬೇಡಿ. ಬೇರೆಡೆ ಹಾರಿಸುವವರು 2021ರ ಡ್ರೋನ್ ನಿಯಮಗಳಂತೆ ಸರ್ಕಾರದ ‘ಡಿಜಿಟಲ್ ಸ್ಕೈ’ ಜಾಲತಾಣದ ನಕ್ಷೆಯಲ್ಲಿ ವಲಯದ ಬಣ್ಣ ನೋಡಿಯೇ ಮೇಲೇರಿಸಬೇಕು.

ಪ್ರಶ್ನೆ (ಚಿತ್ರದುರ್ಗ): ಕೋಟೆಯಲ್ಲಿ ಫೋಟೊ ತೆಗೆಯಲು ಅನುಮತಿ ಬೇಕೋ ಬೇಡವೋ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಉತ್ತರ: ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕ ಅದು. ಅಜಂತಾ ಗುಹೆ, ಲೇಹ್ ಅರಮನೆ, ತಾಜ್ ಮಹಲಿನ ಸಮಾಧಿ ಭಾಗ ಬಿಟ್ಟು ಉಳಿದ ಸ್ಮಾರಕಗಳಲ್ಲಿ ಪ್ರವಾಸಿಗರು ಫೋಟೊ ತೆಗೆಯಬಹುದು ಅಂತ ಇಲಾಖೆ 2018ರ ಜುಲೈನಲ್ಲೇ ತಿಳಿಸಿದೆ. ಓಬವ್ವನ ಕಿಂಡಿ, ಅಕ್ಕ-ತಂಗಿ ಹೊಂಡ, ಎಲ್ಲಾದರೂ ಕೈಯಲ್ಲಿ ಕ್ಯಾಮೆರಾ ಹಿಡಿದು ತೆಗೆಯಿರಿ. ಟ್ರೈಪಾಡ್, ಲೈಟು, ಪ್ರಿವೆಡ್ಡಿಂಗ್ ತಂಡ, ಸಿನಿಮಾ ಅಂದರೆ ಮೊದಲೇ ಲಿಖಿತ ಅನುಮತಿ ಪಡೆಯಿರಿ. ಹಿಡಿಂಬೇಶ್ವರ, ಏಕನಾಥೇಶ್ವರಿ ಗುಡಿಗಳಲ್ಲಿ ಇನ್ನೂ ಪೂಜೆ ನಡೆಯುತ್ತದೆ, ಗರ್ಭಗುಡಿಯ ಮುಂದೆ ಅರ್ಚಕರನ್ನು ಕೇಳಿ.

ಪ್ರಶ್ನೆ (ದಾವಣಗೆರೆ): ಕಟ್ಟಡದ ಫೋಟೊ ಮಾರಿದರೆ ಆರ್ಕಿಟೆಕ್ಟ್ ಕೇಸ್ ಹಾಕಬಹುದು ಅಂತ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಗಾಜಿನ ಮನೆಯ ಫೋಟೊ ಕ್ಯಾಲೆಂಡರಿಗೆ ಕೊಟ್ಟಿದ್ದೇನೆ, ಭಯ ಆಗ್ತಿದೆ.

ಉತ್ತರ: ಅದು ಯುರೋಪಿನ ಸುದ್ದಿ, ಊರು ತಪ್ಪಿ ಇಲ್ಲಿಗೆ ಬಂದಿದೆ. ಸಾರ್ವಜನಿಕ ಜಾಗದ ಕಟ್ಟಡ, ಶಿಲ್ಪಗಳ ಚಿತ್ರವನ್ನು ವ್ಯಾಪಾರಕ್ಕೆ ಬಳಸಲು ಅನುಮತಿ ಬೇಕು ಅನ್ನುವ ಪ್ರಸ್ತಾವ 2015ರಲ್ಲಿ ಯುರೋಪಿಯನ್ ಸಂಸತ್ತಿನ ಮುಂದೆ ಬಂದಿತ್ತು. ಫೋಟೊಗ್ರಾಫರುಗಳು ದೊಡ್ಡ ದನಿ ಎತ್ತಿದರು, ಜುಲೈ 9ರಂದು ಸಂಸತ್ತು ಅದನ್ನು ತಳ್ಳಿಹಾಕಿತು. ಆದರೂ ಫ್ರಾನ್ಸಿನಲ್ಲಿ ಐಫೆಲ್ ಗೋಪುರದ ರಾತ್ರಿಯ ದೀಪಾಲಂಕಾರದ ಮೇಲೆ ಹಕ್ಕು ಹೇಳುತ್ತಾರೆ, ಹಗಲಿನ ಗೋಪುರದ ಮೇಲಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಈ ವಿಷಯದಲ್ಲಿ ಉದಾರ. ಕಟ್ಟಡದ ಫೋಟೊ ತೆಗೆಯುವುದೂ ಪ್ರಕಟಿಸುವುದೂ ಕೃತಿಸ್ವಾಮ್ಯದ ಉಲ್ಲಂಘನೆ ಅಲ್ಲ ಅಂತ ಕಲಂ 52 ನೇರವಾಗಿ ಹೇಳುತ್ತದೆ. ಕ್ಯಾಲೆಂಡರ್ ಗೋಡೆಗೆ ಹಾಕಿಕೊಳ್ಳಿ.

ನಮ್ಮಪ್ಪ ಚಿತ್ರದುರ್ಗದ ಸಂತೆಹೊಂಡದ್ದೊಂದು ಕಪ್ಪು-ಬಿಳುಪು ಫೋಟೊ ತೆಗೆದಿದ್ದರು. ನೀರು ಇಳಿದು, ಮೆಟ್ಟಿಲು ಒಂದೊಂದೂ ಎಣಿಸುವ ಹಾಗೆ ಕಾಣುತ್ತದೆ, ಕೆಳಗಿನ ಮೆಟ್ಟಿಲಲ್ಲಿ ಕೊಡ ಇಟ್ಟ ಒಬ್ಬ ಹೆಂಗಸು. ಯಾರ ಅನುಮತಿಯನ್ನೂ ಅವರು ಕೇಳಿರಲಿಲ್ಲ. ಆ ದಿನ ಯಾರಾದರೂ ಫಿಲ್ಮ್ ಕಿತ್ತು ಬಿಸಿಲಿಗೆ ಹಿಡಿದಿದ್ದರೆ ಆ ಮೆಟ್ಟಿಲೂ ಇಲ್ಲ, ಆ ಹೆಂಗಸೂ ಇಲ್ಲ. ಅದಕ್ಕೇ ಕಾರ್ಡ್ ಫಾರ್ಮ್ಯಾಟ್ ಅಂದರೆ ನನಗೆ ಹೊಟ್ಟೆ ಉರಿಯುತ್ತದೆ.

ಪ್ರಶ್ನೆ (ಕಾಲೇಜು ವಿದ್ಯಾರ್ಥಿನಿ): ಸರ್, ಮಂಡಕ್ಕಿ ಭಟ್ಟಿಗಳ ಮೇಲೆ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಕೆಲಸದವರ ಮುಖ ತೆಗೆಯಬಹುದಾ?

ಉತ್ತರ: ಒಳ್ಳೆಯ ಕೆಲಸಕ್ಕೆ ಕೈ ಹಾಕಿದ್ದೀಯಮ್ಮ. ಕಾದ ಮರಳಿಗೆ ಅಕ್ಕಿ ಬಿದ್ದು ಅರಳುವ ಆ ಒಂದು ಕ್ಷಣಕ್ಕೆ ಎಷ್ಟು ಸಲ ಹೋದರೂ ಸಾಲದು. ಲೆನ್ಸಿಗೆ ಫಿಲ್ಟರ್ ಹಾಕಿಕೋ, ಧೂಳು ಒಳಗೆ ಸೇರುತ್ತದೆ. ಭಟ್ಟಿ ಖಾಸಗಿ ಜಾಗ, ಮಾಲೀಕರನ್ನು ಕೇಳಿ ಒಳಗೆ ಹೋಗು. ಕೆಲಸದವರನ್ನೂ ಕೇಳು. ಅವರು ಬೇಡ ಅಂದರೆ ಕ್ಯಾಮೆರಾ ಇಳಿಸು, ಅಲ್ಲಿ ಕಲಂ ಹುಡುಕಬೇಡ. ಬೆವರು ಒರೆಸಿಕೊಳ್ಳಲು ಸೆರಗು ಸಡಿಲಿಸಿದ ಹೆಂಗಸಿನ ಫೋಟೊ ನಿನ್ನ ಹಕ್ಕಲ್ಲ. ದುಡಿಯುವ ಮಗು ಕಂಡರೆ ಗುರುತು ಸಿಗುವ ಹಾಗೆ ಪ್ರಕಟಿಸಬೇಡ, ಬಾಲನ್ಯಾಯ ಕಾಯ್ದೆಯ ಕಲಂ 74 ಅದನ್ನು ತಡೆಯುತ್ತದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡು.

ಮೊದಲ ಪ್ರಶ್ನೆ ಕೇಳಿದವರಿಂದ: ಸರ್, ನಾಮಕರಣದ್ದು ಹೆಚ್ಚುಕಡಿಮೆ ಎಲ್ಲಾ ಸಿಕ್ಕವು! ತಳ್ಳುಗಾಡಿಯದ್ದೂ ನಾಲ್ಕು ಫ್ರೇಮ್ ಬಂದಿವೆ. ಇನ್ನು ದೂರು ಕೊಡಬೇಕಾ, ಬಿಡಲಾ?

ಉತ್ತರ: ಕೊಡಿ. ದಿನಾಂಕ, ಸಮಯ, ನೀವು ನಿಂತಿದ್ದ ಜಾಗ ಬರೆಯಿರಿ. ಸಿಕ್ಕಿರುವ ನಾಲ್ಕು ಫ್ರೇಮಿನಲ್ಲಿ ಸಮಯ ದಾಖಲಾಗಿರುತ್ತದೆ, ನೀವು ರಸ್ತೆಯಲ್ಲೇ ಇದ್ದಿರಿ ಅನ್ನುವುದೂ ಅದರಲ್ಲೇ ಕಾಣುತ್ತದೆ, ಪ್ರಿಂಟ್ ಹಾಕಿಸಿ ಲಗತ್ತಿಸಿ. ಕಚೇರಿಯ ಮುಖ್ಯಸ್ಥರಿಗೆ ಒಂದು ಪ್ರತಿ, ಠಾಣೆಗೆ ಒಂದು, ಎರಡಕ್ಕೂ ಸ್ವೀಕೃತಿ ತಗೊಳ್ಳಿ. ಜೊತೆಗೆ ಮಾಹಿತಿ ಹಕ್ಕಿನಡಿ 10 ರೂಪಾಯಿಯ ಅರ್ಜಿ ಹಾಕಿ: ‘ಕಚೇರಿ ಎದುರಿನ ರಸ್ತೆಯಲ್ಲಿ ಛಾಯಾಗ್ರಹಣ ನಿಷೇಧಿಸಿದ ಆದೇಶದ ಪ್ರತಿ ಕೊಡಿ’. ಆದೇಶ ಇಲ್ಲ ಅಂತ ಬರೆದುಕೊಟ್ಟರೆ ಆ ಹಾಳೆ ಜೋಪಾನ ಮಾಡಿ. ಕರಡು ಬರೆದು ನನಗೆ ಕಳಿಸಿ, ರಾತ್ರಿ ನೋಡಿ ತಿದ್ದಿಕೊಡುತ್ತೇನೆ.