ಕಿಟಕಿಗೆ ಹಾಕುವ ಗಾಜಿಗೆ ಏನನ್ನೋಣ? (ಬೋರ್ಡಿಗೆ, ನಾಳೆಯೊಳಗೆ ಬೇಕು)

ಶಿವಮೊಗ್ಗದಿಂದ:

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಇಲ್ಲಿ ಗಾಜಿನ ಅಂಗಡಿ ಇಟ್ಟಿದ್ದಾನೆ. ಬೋರ್ಡ್ ಬರೆಯುವವರು ನಾಳೆ ಬೆಳಿಗ್ಗೆ ಹತ್ತಕ್ಕೆ ಬರುತ್ತಾರೆ. ಅವನು ಕೊಟ್ಟ ಸಾಲು ‘ವಿಂಡೋ ಪೇನ್ ರಿಪ್ಲೇಸ್‌ಮೆಂಟ್’. 2024ರ ತಿದ್ದುಪಡಿ ಬಂದ ಮೇಲೆ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕು. ಆ ಕಾನೂನು ಇಲ್ಲದಿದ್ದರೂ ನಾನು ಕನ್ನಡದಲ್ಲೇ ಬರೆಸುತ್ತಿದ್ದೆ. ನಾನು ಬರೆದುಕೊಟ್ಟದ್ದು: ‘ಭಗ್ನಗೊಂಡ ಗವಾಕ್ಷ ಫಲಕಗಳ ಬದಲಾವಣೆ’. ಓದಿದ ತಮ್ಮ, “ಅಕ್ಕಾ, ಇದನ್ನ ನೋಡಿ ಯಾರು ಒಳಗೆ ಬರ್ತಾರೆ?” ಅಂದ. ಅವನು ಹೇಳಿದ್ದು ಸರಿ ಅನ್ನಿಸಿತು. ಪೂರ್ತಿ ಕಿಟಕಿ ಬೇರೆ, ಅದರಲ್ಲಿನ ಒಂದು ಗಾಜು ಬೇರೆ. ಆ ಒಂದಕ್ಕೆ ಪದ ಬೇಕು. ಬೋರ್ಡಿನಲ್ಲಿ ಜಾಗ ಇರುವುದು ಎರಡೇ ಸಾಲಿಗೆ.

ಬೆಂಗಳೂರಿನಿಂದ:

ಗವಾಕ್ಷ ಬೇಡವೇ ಬೇಡ. ಕಿಟಕಿಯೂ ನಮ್ಮದಲ್ಲ, ಮರಾಠಿ, ಹಿಂದಿಯವರ ಖಿಡಕಿ. ಬೆಳಕಂಡಿ ಇರುವಾಗ ಬೇರೆಯವರ ಮನೆಗೆ ಯಾಕೆ ಹೋಗಬೇಕು? ಫಲಕ ತೆಗೆದು ಹಲಗೆ ಹಾಕಿ. ಬದಲು ಅರಬ್ಬಿಯದು, ಅದನ್ನೂ ತೆಗೆಯಿರಿ. ‘ಬೆಳಕಂಡಿಯ ಒಡೆದ ಗಾಜುಹಲಗೆ ತೆಗೆದು ಹೊಸತು ಇಡಲಾಗುವುದು’. ಒಂದು ಪದವೂ ಹೊರಗಿನದಿಲ್ಲ.

ಧಾರವಾಡದಿಂದ:

ಎರಡಿವೆ. ಹಲಗೆ ಫಲಕದ್ದೇ ತದ್ಭವ, ಗಾಜು ಕಾಚದ ತದ್ಭವ. ಇನ್ನು ನಮ್ಮ ಕಡೆ ಬೆಳಕಿಂಡಿ ಅಂದರೆ ಮಾಳಿಗೆಯಲ್ಲಿ ಬಿಟ್ಟ ಕಿಂಡಿ. ಮಳೆ ಬಂದರೆ ಮೇಲೆ ಹತ್ತಿ ಮುಚ್ಚಿ ಬರುವಂಥದ್ದು. ಗೋಡೆಯಲ್ಲಿರುವುದು ಕಿಡಕಿ. ನಮ್ಮ ಅಜ್ಜಿಯೂ ಹಾಗೇ ಅನ್ನುತ್ತಿದ್ದಳು.

ಕಾಸರಗೋಡಿನಿಂದ:

ಕನ್ನಡಿ ಯಾಕಾಗಬಾರದು? ತಮಿಳು, ಮಲೆಯಾಳದ ಕಣ್ಣಾಡಿ ಗಾಜೂ ಹೌದು, ಮುಖ ನೋಡುವುದೂ ಹೌದು. ನಮ್ಮದೂ ಅದೇ ಬೇರಿನ ಪದ, ಕಣ್ಣಿಗೆ ಸಂಬಂಧಪಟ್ಟದ್ದು. ಕನ್ನಡಕದಲ್ಲಿ ಇರುವುದೂ ಗಾಜೇ ತಾನೆ. ಹಳೆಯ ಅರ್ಥದ ಹರವನ್ನು ಮರಳಿ ತರಲು ಇದು ಒಳ್ಳೆಯ ಸಂದರ್ಭ.

ಧಾರವಾಡದಿಂದ:

ಆಗದು. ಕನ್ನಡಿ ಎಂದು ಬರೆಸಿದರೆ ಶಿವಮೊಗ್ಗದ ಜನ ಗೋಡೆಗೆ ತೂಗುಹಾಕುವ ಕನ್ನಡಿ ಕೇಳಿಕೊಂಡು ಬರುತ್ತಾರೆ. ಬೋರ್ಡು ಇರುವುದು ಗಿರಾಕಿಗೆ.

ಬೆಂಗಳೂರಿನಿಂದ:

ಗಿರಾಕಿ, ಗಿರಾಕಿ! ಎಲ್ಲ ಸಲವೂ ಇದೇ ಮಾತು. ಹೀಗೆ ಹೇಳಿಯೇ ಬೀಗದ ಕೈ ಹೋಗಿ ಪೋರ್ಚುಗೀಸರ ಚಾವಿ ಬಂತು, ಅಲಮಾರು ಬಂತು. ಇವತ್ತು ನಿಮ್ಮ ಬೋರ್ಡಿನಲ್ಲಿ ವಿಂಡೋ ಪೇನ್ ಬಂದು ಕೂತಿದೆ. ಒಂದು ಕಡೆ ಗೆರೆ ಎಳೆಯಲೇಬೇಕು. ತದ್ಭವದ ಪಾಠ ನನಗೆ ಬೇಡ. ಹಳೆಯ ಕವಿ ಆಂಡಯ್ಯ ಸಂಸ್ಕೃತದ ತತ್ಸಮಗಳನ್ನು ಬಿಟ್ಟೇ ಕಾವ್ಯ ಬರೆದ.

ಧಾರವಾಡದಿಂದ:

ತತ್ಸಮ ಬಿಟ್ಟ, ತದ್ಭವ ಬಿಡಲಿಲ್ಲ. ನಮ್ಮ ಬಾಯಿಗೆ ಒಗ್ಗಿದ್ದು ನಮ್ಮದು ಅಂತಲೇ ಅವನೂ ನಡೆದುಕೊಂಡ. ಚಾವಿ ಬಂದರೂ ಬೀಗದ ಕೈ ಎಲ್ಲಿಗೂ ಹೋಗಿಲ್ಲ. ಅದೇ ಲೆಕ್ಕದಲ್ಲಿ ಕಿಟಕಿ ನಮ್ಮದೇ.

ಮೈಸೂರಿನಿಂದ:

ನೀವೆಲ್ಲ ನಾಮಪದಕ್ಕೆ ಜೋತುಬಿದ್ದಿದ್ದೀರಿ. ಈ ಸಾಲಿನ ಜೀವ ಇರುವುದು ಕ್ರಿಯಾಪದದಲ್ಲಿ.

ನಮ್ಮಪ್ಪ ಮರಗೆಲಸದವರು. ಹೋದ ಮಳೆಗಾಲದಲ್ಲಿ ನಮ್ಮ ಅಡುಗೆಮನೆ ಕಿಟಕಿಯ ಒಂದು ಗಾಜು ಮೂಲೆಯಿಂದ ಸೀಳಿತು. ಯಾರೂ ಚೆಂಡು ಹೊಡೆದಿರಲಿಲ್ಲ. ಅಪ್ಪ ನೋಡಿ, ಮರ ನೀರು ಕುಡಿದು ಉಬ್ಬಿದೆ, ಹಿಂದೆ ಹಾಕಿದವರು ಒಂದಿಷ್ಟೂ ಸಡಿಲ ಬಿಟ್ಟಿಲ್ಲ ಎಂದರು. ಗಾಜನ್ನು ಹಿಡಿದಿಡುವ ಬೀಡಿಂಗ್ ಪಟ್ಟಿಯನ್ನು ಉಳಿಯ ತುದಿಯಿಂದ ಮೆಲ್ಲಗೆ ಎಬ್ಬಿಸಿದರು. ಕೈಗೆ ಗೋಣಿತುಂಡು ಸುತ್ತಿಕೊಂಡು ಚೂರುಗಳನ್ನು ಒಂದೊಂದಾಗಿ ಎಳೆದರು. ಕಲ್ಲಾಗಿದ್ದ ಹಳೆಯ ಪುಟ್ಟಿಯನ್ನು ಕೆರೆದು ತೆಗೆದು, ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದರು. ಮೂರೂ ಒಂದೇ ಬರಲಿಲ್ಲ. ಎಲ್ಲಕ್ಕಿಂತ ಚಿಕ್ಕದನ್ನು ಹಿಡಿದು, ಅದರಲ್ಲೂ ಒಂದು ನೂಲು ಕಡಿಮೆ ಮಾಡಿ ಚೀಟಿ ಬರೆದುಕೊಟ್ಟರು. ಇಂಚಿನ ಎಂಟನೇ ಒಂದು ಪಾಲಿಗೆ ಅವರು ನೂಲು ಅನ್ನುತ್ತಾರೆ, ಮೂರು ಎಂಎಂಗಿಂತ ಕೂದಲೆಳೆ ಹೆಚ್ಚು. ಇಂಥ ಪದ ಕೈಯಲ್ಲಿರುವಾಗ ಯಾರೂ ಅದನ್ನು ಹೊಸದಾಗಿ ಕಟ್ಟಬೇಕಿಲ್ಲ.

ನಾನು 4 ಎಂಎಂ ಸಾದಾ ಗಾಜು ಕತ್ತರಿಸಿಕೊಂಡು ಬಂದೆ. ಚೌಕಟ್ಟಿಗೆ ತೆಳ್ಳಗೆ ಪುಟ್ಟಿ ಎಳೆದು, ಗಾಜನ್ನು ಅಂಚಿನಲ್ಲಿ ಮಾತ್ರ ಬೆರಳಿಂದ ಒತ್ತುತ್ತ ಅಪ್ಪ ಹೇಳಿದ್ದು: “ಗಾಜು ಕೂತ್ಕೋಬೇಕು, ಸಿಕ್ಕಾಕೋಬಾರ್ದು.” ಆ ಮಾತಿನಲ್ಲಿ ಕೆಲಸದ ಅರ್ಧ ಗುಟ್ಟೇ ಇದೆ. ಅದಕ್ಕೇ ಕೂರಿಸು ಅನ್ನಿ. ಬದಲಾಯಿಸು ಅಂದರೆ ತೆಗೆದದ್ದೂ ಇಟ್ಟದ್ದೂ ಮಾತ್ರ ಗೊತ್ತಾಗುತ್ತದೆ, ಕೈಚಳಕ ಕಾಣುವುದಿಲ್ಲ. ಇಡಲಾಗುವುದು ಅಂತೂ ಸರ್ಕಾರಿ ಸುತ್ತೋಲೆ. ಅಂಗಡಿಯವನು ಎದುರು ನಿಂತು ಮಾತಾಡಿದ ಹಾಗೆ ‘ಕೂರಿಸಿಕೊಡುತ್ತೇವೆ’ ಎಂದಿರಲಿ. ಆ ‘ಕೊಡು’ ಗಿರಾಕಿಯ ಮನೆವರೆಗೂ ಹೋಗುತ್ತದೆ.

ಒಂದು ತುಂಡಿಗೆ ಪದ ಬೇಕು ಎಂದಿರಲ್ಲ, ಅಂಗಡಿಯಲ್ಲಿ ನನ್ನನ್ನು ಕೇಳಿದ್ದು “ಎಷ್ಟು ಗಾಜು?” ಎಂದು. “ಒಂದೇ” ಅಂದೆ. ಕನ್ನಡದಲ್ಲಿ ಗಾಜು ವಸ್ತುವೂ ಹೌದು, ಎಣಿಸುವ ತುಂಡೂ ಹೌದು. ಮೂರು ಗಾಜು, ನಾಲ್ಕು ಗಾಜು. ಹಲಗೆಯೂ ಬೇಡ, ಫಲಕವೂ ಬೇಡ.

ಬೆಂಗಳೂರಿನಿಂದ:

ಕೂರಿಸು ಒಪ್ಪಿದೆ. ಕಿಟಕಿ ಒಪ್ಪಲಾರೆ.

ಶಿವಮೊಗ್ಗದಿಂದ:

ಎಲ್ಲರಿಗೂ ಋಣಿ. ‘ಒಡೆದ ಕಿಟಕಿ ಗಾಜು ತೆಗೆದು ಹೊಸದು ಕೂರಿಸಿಕೊಡುತ್ತೇವೆ’ ಎಂದು ಬರೆಸಲೇ? ಕೆಳಗಿನ ಸಾಲಿನಲ್ಲಿ ‘ಬೀಡಿಂಗ್, ಪುಟ್ಟಿ ಕೆಲಸವೂ ಉಂಟು’. ಇವೆರಡಕ್ಕೆ ಬೇರೆ ಪದ ಕೇಳುವುದಿಲ್ಲ, ಕೇಳಿಕೊಂಡು ಬರುವವರು ಅದನ್ನೇ ಹೇಳುತ್ತಾರೆ.

ಧಾರವಾಡದಿಂದ:

‘ಒಡೆದ’ ಎಂಬುದು ಕಿಟಕಿಗೆ ಅಂಟಿಕೊಂಡಿದೆ. ‘ಕಿಟಕಿಯ ಒಡೆದ ಗಾಜು’ ಮಾಡಿ. ನಮ್ಮಲ್ಲಾದರೆ ಕೂಡ್ರಿಸಿ ಅನ್ನುತ್ತಿದ್ದೆವು, ನಿಮ್ಮೂರಿಗೆ ಕೂರಿಸಿ ಸರಿ.

ಶಿವಮೊಗ್ಗದಿಂದ:

ತಿದ್ದಿಕೊಂಡೆ. ಹತ್ತೂಕಾಲಕ್ಕೆ ಬಣ್ಣ ಬಿತ್ತು.