ಸತೋಪಂತ್‌ನಿಂದ ಬಂದ ಮೇಲೆ ಮನೆಯಲ್ಲಿ ಮನಸ್ಸು ನಿಲ್ಲುತ್ತಿಲ್ಲ

ಪ್ರಶ್ನೆ (ಚಿಕ್ಕಮಗಳೂರಿನಿಂದ):
ಗಂಗೋತ್ರಿ ಕಡೆಯ ಸತೋಪಂತ್ (7,075 ಮೀಟರ್) ಹತ್ತಲು ತಂಡದ ಜೊತೆ ಹೋಗಿ ವಾಪಸ್ ಬಂದಿದ್ದೇನೆ. ರಾತ್ರಿ ಎರಡಕ್ಕೇ ಎಚ್ಚರ, ಮಧ್ಯಾಹ್ನ ವಿಪರೀತ ಸುಸ್ತು, ಎಷ್ಟು ತಿಂದರೂ ಹಸಿವು. ಎಂ.ಜಿ. ರಸ್ತೆಯ ಗದ್ದಲ ತಡೆಯಲು ಆಗುತ್ತಿಲ್ಲ. ಮನೆಯವರು ಕಾಫಿ ಕೊಯ್ಲಿಗೆ ಆಳು ಹೊಂದಿಸುವ ವಿಷಯ ಹೇಳುತ್ತಿದ್ದರೆ ಕಿವಿಗೆ ಬೀಳುತ್ತದೆ, ತಲೆಗೆ ಹೋಗುವುದಿಲ್ಲ. ನಿಮಗೂ ಹೀಗೆ ಆಗಿತ್ತಾ?

ಸಕಲೇಶಪುರದಿಂದ:
ಆಗುತ್ತೆ ಕಣ್ರಿ, ಹೆದರಬೇಡಿ. ಎತ್ತರದಲ್ಲಿ ಆಮ್ಲಜನಕ ಕಡಿಮೆ ಸಿಗುವುದರಿಂದ ದೇಹ ಕೆಂಪು ರಕ್ತಕಣ ಜಾಸ್ತಿ ಮಾಡಿಕೊಂಡಿರುತ್ತೆ, ಕೆಳಗೆ ಬಂದ ಮೇಲೆ ಅದು ಕೆಲವು ವಾರಗಳಲ್ಲಿ ಮೊದಲಿನ ಮಟ್ಟಕ್ಕೆ ಇಳಿಯುತ್ತೆ. ಅಷ್ಟು ದಿನ ಮೇಲಿದ್ದರೆ ಸ್ನಾಯುವೂ ಕರಗಿರುತ್ತೆ, ಹಸಿವು ಅದಕ್ಕೇ. ಮುದ್ದೆ, ಕಾಳು, ಮೊಟ್ಟೆ ಚೆನ್ನಾಗಿ ತಿನ್ನಿ. ಬೆರಳು ಇನ್ನೂ ಜೋಮು ಹಿಡಿದಿದ್ದರೆ, ಕೆಮ್ಮು ಬಿಟ್ಟಿಲ್ಲ ಅಂದರೆ ಮಾತ್ರ ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ.

ಹಾಸನದಿಂದ:
ಮನಸ್ಸಿನದೇ ಜಾಸ್ತಿ ಕಷ್ಟ. ಅಲ್ಲಿ ದಿನಕ್ಕೆ ಒಂದೇ ಗುರಿ, ಹಿಮ ಕರಗಿಸಿ ನೀರು ಮಾಡಿಕೊಳ್ಳುವುದು, ಗಾಳಿ ನೋಡುವುದು, ಮುಂದಿನ ಕ್ಯಾಂಪ್ ಮುಟ್ಟುವುದು, ಹಗ್ಗದಲ್ಲಿ ಜೊತೆಗಿರುವವನ ಜೀವ ನಮ್ಮ ಕೈಯಲ್ಲಿ. ಇಲ್ಲಿ ನೂರು ಸಣ್ಣ ಕೆಲಸ, ಯಾವುದೂ ಅಷ್ಟು ಮುಖ್ಯ ಅನ್ನಿಸುವುದಿಲ್ಲ. ತಂಡದವರಿಗೆ ಫೋನ್ ಮಾಡುತ್ತಿರಿ, ಅವರಿಗೂ ಇದೇ ಆಗಿರುತ್ತೆ. ಮುಂದಿನ ಶಿಖರ ಯಾವುದು ಅಂತ ಈಗಲೇ ತೀರ್ಮಾನ ಮಾಡಬೇಡಿ.

ಮೂಡಿಗೆರೆಯಿಂದ:
ನಮ್ಮ ಯಜಮಾನರೂ ಹತ್ತುವವರು. ಅವರು ಇಲ್ಲದಾಗ ತೋಟ, ಮಕ್ಕಳು, ಅತ್ತೆಯ ಔಷಧಿ ಎಲ್ಲ ನಾನೇ ನೋಡಿಕೊಂಡಿದ್ದೆ, ಪ್ರತಿ ರಾತ್ರಿ ಫೋನ್ ಕಾಯುತ್ತಾ. ಬಂದವರು ಬರೀ ಬೆಟ್ಟದ ಮಾತೇ ಆಡಿದರೆ ತುಂಬಾ ನೋವಾಗುತ್ತೆ ಅಲ್ವಾ? ನೀವಿಲ್ಲದಾಗ ಮನೆಯಲ್ಲಿ ಏನೇನಾಯಿತು ಅಂತ ಕೂತು ಕೇಳಿ. ಕೊಯ್ಲಿನ ಒಂದು ಕೆಲಸ ಪೂರ್ತಿಯಾಗಿ ನಿಮ್ಮ ತಲೆಗೆ ಹಾಕಿಕೊಳ್ಳಿ, ನಾಳೆಯಿಂದಲೇ.