ಹಸಿರು ಕಂಡಲ್ಲೆಲ್ಲ ಸಾಲ್ಮನ್ ಇರುತ್ತಾ? ಉಬ್ಬರದ ಜೌಗಿನ ನಕ್ಷೆ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ವಾಷಿಂಗ್ಟನ್ ರಾಜ್ಯದ ಒಲಿಂಪಿಯಾದಲ್ಲಿದ್ದೇನೆ. ಕೆಲಸ ಮುಗಿಸಿ ಸಂಜೆ ಜಿಐಎಸ್ (ಕಂಪ್ಯೂಟರ್ ನಕ್ಷೆ) ಕೋರ್ಸ್ ಮಾಡ್ತಿದ್ದೇನೆ. ಪ್ಯೂಜೆಟ್ ಸೌಂಡ್ ಅನ್ನೋ ಸಮುದ್ರದ ಒಳಚಾಚಿನ ದಡದಲ್ಲಿ ಊರು, ರಸ್ತೆ ಬೆಳೆದು ಉಬ್ಬರದ ಜೌಗು (ಉಬ್ಬರದ ನೀರು ಬಂದುಹೋಗೋ ಹುಲ್ಲುನೆಲ) ಎಷ್ಟು ಹೋಯ್ತು, ಸಾಲ್ಮನ್‌ಗೆ (ಇಲ್ಲಿನ ಮೀನು) ಏನಾಯ್ತು ಅನ್ನೋದು ಪ್ರಾಜೆಕ್ಟ್. 1984ರ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರವನ್ನೂ ಈಗಿನದನ್ನೂ ಹೋಲಿಸಿದೆ. ನಿಸ್ಕ್ವಾಲಿ ಹೊಳೆ ಸಮುದ್ರ ಸೇರೋ ಮುಖಜದಲ್ಲಿ ಜೌಗು ಹೆಚ್ಚಾಗಿದೆ ಅಂತ ಬರ್ತಿದೆ! ಎಲ್ಲಿ ತಪ್ಪಿದೆ?

ಉತ್ತರ: ತಪ್ಪಿಲ್ಲ, ಅಲ್ಲಿ ನಿಜವಾಗಿ ಹೆಚ್ಚಾಗಿದೆ. 2009ರಲ್ಲಿ ಅಲ್ಲಿನ ಹಳೇ ಬ್ರೌನ್ ಫಾರ್ಮ್ ಒಡ್ಡು ಕಿತ್ತು 762 ಎಕರೆಗೆ ಮತ್ತೆ ಸಮುದ್ರದ ನೀರು ಬಿಟ್ಟರು. ಬೋರ್ಡ್‌ವಾಕ್ ಮೇಲೆ ನಡೆದಿದ್ದರೆ ನೀವು ಅದನ್ನೇ ನೋಡಿದ್ದೀರಿ. ತೊಂದರೆ ಇರೋದು ನೀವು ಹಿಡಿದ ಇಸವಿಯಲ್ಲಿ. ಇಲ್ಲಿನ ಮುಖಜಗಳಿಗೆ ಒಡ್ಡು ಕಟ್ಟಿ ಹೊಲ ಮಾಡಿದ್ದು ಹೆಚ್ಚಿನಂಶ 1900ರ ಹಿಂದುಮುಂದು. 1984ಕ್ಕೆ ಕೋಟೆ ಕೊಳ್ಳೆ ಹೋಗಿ ಆಗಿತ್ತು, ನೀವು ದಿಡ್ಡಿ ಬಾಗಿಲು ಎಣಿಸ್ತಿದ್ದೀರಿ.

ಹಾಗಾಗಿ ಉಪಗ್ರಹ ಬಿಟ್ಟು ಕಾಗದಕ್ಕೆ ಹೋಗಿ. 1850ರ ದಶಕದಿಂದ ಅಮೆರಿಕದ ಕೋಸ್ಟ್ ಸರ್ವೆಯವರು ಕೈಯಲ್ಲಿ ಬರೆದ ದಡದ ನಕ್ಷೆಗಳಿವೆ, ಟಿ-ಶೀಟ್ ಅಂತಾರೆ. ಜೌಗು, ಕವಲುಗಾಲುವೆ ಎಲ್ಲ ಅದರಲ್ಲಿದೆ. ಎರಡನೇ ದಾರಿ ನೆಲದ ಎತ್ತರ: ಒಡ್ಡು ಇಲ್ಲದಿದ್ದರೆ ನೀರು ಎಲ್ಲಿವರೆಗೆ ಬರ್ತಿತ್ತು ಅಂತ ಲೈಡಾರ್ (ವಿಮಾನದಿಂದ ಲೇಸರ್ ಬಿಟ್ಟು ಅಳೆದ ಎತ್ತರ) ಮೇಲೆ ಲೆಕ್ಕ ಹಾಕೋದು. ಅಮೆರಿಕದ ಪಶ್ಚಿಮ ಕರಾವಳಿಯ 55 ಮುಖಜಗಳಿಗೆ ಈ ಕ್ರಮದಲ್ಲಿ ನೋಡಿದ 2019ರ ಅಧ್ಯಯನದಲ್ಲಿ ಗಿಡಹುಲ್ಲಿನ ಜೌಗು ಶೇ. 85ರಷ್ಟು ಹೋಗಿದೆ ಅಂತ ಬಂತು. 1984ರಿಂದ ಶುರು ಮಾಡಿದವರಿಗೆ ಈ ಸಂಖ್ಯೆ ಸಿಗೋದೇ ಇಲ್ಲ.

ಎರಡು ಕಡೆ ಎಡವ್ತೀರಿ, ಈಗಲೇ ಹೇಳ್ತೀನಿ. ಟೈಡ್ ಟೇಬಲ್‌ನ ಎತ್ತರ ಶುರುವಾಗೋ ಸೊನ್ನೆ ಬೇರೆ, ಲೈಡಾರ್‌ನ ಸೊನ್ನೆ ಬೇರೆ. ಸಿಯಾಟಲ್‌ನಲ್ಲಿ ಸುಮಾರು 70 ಸೆಂ.ಮೀ. ವ್ಯತ್ಯಾಸ. ಇನ್ನೊಂದು, ಲೈಡಾರ್ ಕಿರಣ ದಟ್ಟ ಜೊಂಡಿನ ತಲೆ ಮೇಲೇ ನಿಂತುಬಿಡುತ್ತೆ, ನೆಲ ಮುಟ್ಟೋದಿಲ್ಲ. ನನ್ನ ಮೊದಲ ವರ್ಷದ ನಕ್ಷೆಯಲ್ಲಿ ಒಂದು ಜಾಗ 'ಉಬ್ಬರ ಮುಟ್ಟದ ದಿಬ್ಬ' ಅಂತಿತ್ತು. ಜಿಪಿಎಸ್ ಕೋಲು ಹಿಡಿದು ಅಲ್ಲಿಗೇ ಹೋದೆ. ಕೋಲು ಮೊಳದಷ್ಟು ಒಳಗಿಳೀತು, ಬೂಟಿನೊಳಗೆ ನೀರು. ದಿಬ್ಬ ಅಂದುಕೊಂಡಿದ್ದು ಬರೀ ಜೊಂಡು!

ಪ್ರಶ್ನೆ: ಸರಿ ಮೇಡಂ, 1984 ಬಿಟ್ಟೆ. ಆದರೆ ಜೌಗು ಇದೆ ಅಂದಮೇಲೆ ಸಾಲ್ಮನ್‌ಗೆ ಜಾಗ ಇದೆ ಅಂತ ಬಣ್ಣ ಹಾಕಬಹುದಲ್ಲ?

ಉತ್ತರ: ಹಾಕಬೇಡಿ. ಹೊಳೆಯಿಂದ ಇಳಿದು ಬರೋ ಚಿನೂಕ್ (ಸಾಲ್ಮನ್‌ನ ಒಂದು ಜಾತಿ) ಮರಿ ಬೆರಳುದ್ದ ಇರುತ್ತೆ. ಉಪ್ಪುನೀರಿಗೆ ಮೈ ಒಗ್ಗೋವರೆಗೆ ಜೌಗಿನ ಕವಲುಗಾಲುವೆಗಳಲ್ಲಿ ಹುಳಹುಪ್ಪಟೆ ತಿಂದುಕೊಂಡು ವಾರಗಟ್ಟಲೆ ಬೆಳೆಯುತ್ತೆ. ಉಬ್ಬರದ ಜೊತೆ ಒಳಗೆ, ಇಳಿತದ ಜೊತೆ ಹೊರಗೆ. ಈಗ ಒಡ್ಡಿನ ತೂಬಿನ ಬಾಗಿಲು ನೋಡಿ: ಇಳಿತದಲ್ಲಿ ಒಳಗಿನ ನೀರು ತಳ್ಳಿ ತೆರೆಯುತ್ತೆ, ಉಬ್ಬರ ಬಂದರೆ ಹೊರಗಿನ ನೀರೇ ಒತ್ತಿ ಮುಚ್ಚುತ್ತೆ. ಮೀನು ಒಳಗೆ ಬರೋ ಹೊತ್ತಿಗೇ ಸರಿಯಾಗಿ ಬಾಗಿಲು ಬಂದ್. ಒಳಗೆ ಎಷ್ಟು ಹಸಿರಿದ್ದರೇನು? ನಾನು ಕುಮಟಾದವಳು, ಅಘನಾಶಿನಿ ಹೊಳೆಯ ಉಪ್ಪುನೀರಿನ ಗಜನಿ ಗದ್ದೆ ನೋಡಿ ಬೆಳೆದವಳು. ಕಗ್ಗ ಭತ್ತ ಕೊಯ್ದಮೇಲೆ ತೂಬು ತೆಗೆದು ಮೀನು, ಸೀಗಡಿ ಬಿಟ್ಟುಕೊಳ್ಳೋರು. ಹಾಗಾಗಿ ಇಲ್ಲಿ ಮೊದಲ ಸಲ ತೂಬು ನೋಡಿದಾಗ ನನಗೆ ಯಾರೂ ವಿವರಿಸಬೇಕಾಗಲಿಲ್ಲ.

ಒಡ್ಡು, ತೂಬು, ರಸ್ತೆಯಡಿಯ ಮೋರಿ, ಮೂರಕ್ಕೂ ಬೇರೆ ಲೇಯರ್ ಮಾಡಿ. ಆಮೇಲೆ ನೀರು ಬರೋ ಜೌಗು ಒಂದು ಬಣ್ಣ, ನೀರೂ ಮೀನೂ ಎರಡೂ ಬರೋದು ಇನ್ನೊಂದು. ನಿಮ್ಮ ಮೇಷ್ಟ್ರು ನೋಡೋದು ಇದನ್ನೇ.

ಮತ್ತೊಬ್ಬರ ಪ್ರಶ್ನೆ: ನಮ್ಮ ಮನೆ ಸಮುದ್ರದ ಅಂಚಲ್ಲಿದೆ, ಕಾಂಕ್ರೀಟ್ ತಡೆಗೋಡೆ ಇದೆ. ಜೌಗು ಅಲ್ಲ, ಬರೀ ಮರಳು. ಅದೂ ಲೆಕ್ಕಕ್ಕಾ?

ಉತ್ತರ: ಲೆಕ್ಕಕ್ಕೇ. ಪ್ಯೂಜೆಟ್ ಸೌಂಡ್ ದಡದ ಕಾಲು ಭಾಗಕ್ಕಿಂತ ಹೆಚ್ಚಿಗೆ ಇಂಥ ಗೋಡೆ ಇದೆ. ಸರ್ಫ್ ಸ್ಮೆಲ್ಟ್, ಸ್ಯಾಂಡ್ ಲ್ಯಾನ್ಸ್ ಅನ್ನೋ ಪುಟ್ಟ ಮೀನುಗಳು ಉಬ್ಬರದ ಮೇಲಿನ ಅಂಚಿನ ಮರಳಲ್ಲಿ ಮೊಟ್ಟೆ ಇಡ್ತವೆ, ಅವನ್ನ ಸಾಲ್ಮನ್ ತಿನ್ನುತ್ತೆ. ಗೋಡೆ ಕೂರೋದು ಆ ಅಂಚಿನ ಮೇಲೇ.

ಅದೇ ಓದುಗರು: ಹಾಗಾದ್ರೆ ಒಡ್ಡೆಲ್ಲ ಒಡೆದುಬಿಡಬಹುದಲ್ಲ?

ಉತ್ತರ: ಸ್ಕಾಜಿಟ್ ಕಣಿವೆಯ ರೈತರ ಮುಂದೆ ಇದನ್ನ ಕೇಳಿ ನೋಡಿ! ಒಡ್ಡಿನೊಳಗಿನದು ಅವರಿಗೆ ಅನ್ನದ ನೆಲ. ಇನ್ನೊಂದು ಕಡೆ ನ್ಯಾಯಾಧೀಶ ಬೋಲ್ಟ್ ಅವರ 1974ರ ತೀರ್ಪು, ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡ ಬುಡಕಟ್ಟುಗಳಿಗೆ ಹಿಡಿಯಬಹುದಾದ ಸಾಲ್ಮನ್‌ನಲ್ಲಿ ಅರ್ಧ ಪಾಲು ಕೊಟ್ಟಿದ್ದು. ಮೀನೇ ಇಲ್ಲದಿದ್ದರೆ ಪಾಲೆಲ್ಲಿ? 1999ರಿಂದ ಇಲ್ಲಿನ ಚಿನೂಕ್ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ಒಡೆದ ತಕ್ಷಣ ಜೌಗು ಬರೋದೂ ಇಲ್ಲ. ನೀರು ಬಸಿದ ನೆಲ ನೂರು ವರ್ಷದಲ್ಲಿ ಕುಸಿದಿರುತ್ತೆ, ಹೊಸ ಹೂಳು ಬಂದಿರಲ್ಲ. ನಿಸ್ಕ್ವಾಲಿಯಲ್ಲಿ ಬಹಳಷ್ಟು ಭಾಗ ಮೊದಲು ಬರೀ ಕೆಸರುಬಯಲಾಯ್ತು. ಹೂಳು ಮೇಲಿನ ಆಲ್ಡರ್ ಅಣೆಕಟ್ಟಿನ ಹಿಂದೆ ಕೂತಿದೆ. ನಕ್ಷೆಯಲ್ಲಿ ಇದನ್ನ 'ಮರಳಿ ಬಂದ ಜೌಗು' ಅಂತ ಬರೆಯೋದಾ, 'ಕೆಸರು' ಅಂತಲಾ? ಹುಲ್ಲು ಬರೋವರೆಗೆ ನಾನು ಕೆಸರು ಅಂತಲೇ ಬರೀತೀನಿ.

ಪ್ರಶ್ನೆ (ಮೊದಲಿನವರು): ಥ್ಯಾಂಕ್ಸ್ ಮೇಡಂ. ಡಿಸೆಂಬರ್ ರಜೆಯಲ್ಲಿ ಇಳಿತದ ಹೊತ್ತಿಗೆ ಹೋಗಿ ತೂಬುಗಳ ಫೋಟೋ ತಗೊಂಡು ಬರ್ತೀನಿ.

ಉತ್ತರ: ಹೋಗಿ, ಆದರೆ ಟಾರ್ಚ್ ಇರಲಿ. ಇಲ್ಲಿ ದೊಡ್ಡ ಇಳಿತ ಬೇಸಿಗೆಯಲ್ಲಿ ಹಗಲು, ಚಳಿಗಾಲದಲ್ಲಿ ರಾತ್ರಿ. ಒಡ್ಡು ಯಾರದೋ ಹೊಲದಲ್ಲಿದ್ದರೆ ಹಗಲೇ ಹೋಗಿ ಕೇಳಿ ಬನ್ನಿ.